ದಿನಕ್ಕೆ ಐವತ್ತು ನಿಮಿಷ ತಡ

ಸಂಜೆ ಸಿಎಸ್‌ಎಂಟಿಯಿಂದ ಹೊರಡುವ ಸ್ಲೋ ಲೋಕಲ್ಲಿನ ಹೆಂಗಸರ ಬೋಗಿಯಲ್ಲಿ ನನ್ನೆದುರಿಗೆ ಒಬ್ಬ ಮಾವಶಿ ಕೂರುತ್ತಾರೆ. ಗಾಡಿ ಮಸ್ಜಿದ್ ದಾಟುವ ಮೊದಲೇ ಅವರ ಚೀಲದಿಂದ ಮೆಂತ್ಯಸೊಪ್ಪಿನ ಕಟ್ಟು ಹೊರಗೆ ಬಂದಿರುತ್ತದೆ. ತೊಡೆಯ ಮೇಲೆ ಹಳೆಯ ಮರಾಠಿ ಪೇಪರು ಹರವಿಕೊಂಡು ಒಂದೊಂದೇ ದಂಟನ್ನು ಎತ್ತಿ, ಹೆಬ್ಬೆರಳಿನ ಉಗುರಿನಿಂದ ಎಲೆ ಚಿವುಟುತ್ತಾರೆ. ಎಲೆ ಸ್ಟೀಲಿನ ಡಬ್ಬಿಗೆ, ದಂಟು ಪೇಪರಿಗೆ. ಹಳದಿಗೆ ತಿರುಗಿದ ಎಲೆ ಕೈಗೆ ಬಂದರೆ ಒಮ್ಮೆ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಡುತ್ತಾರೆ. ಬೇರಿಗಂಟಿದ ಹಸಿ ಮಣ್ಣಿನ ವಾಸನೆ, ಸೊಪ್ಪಿನ ಕಹಿ ವಾಸನೆ ನಮ್ಮ ಸೀಟುಗಳ ನಡುವೆ ನಿಧಾನವಾಗಿ ತುಂಬಿಕೊಳ್ಳುತ್ತದೆ.

ನಾನೂ ಅದೇ ಹೊತ್ತಿಗೆ ನೋಟ್‌ಬುಕ್ ತೆರೆಯುತ್ತೇನೆ. ದಾದರಿನಲ್ಲಿ ಜನ ನುಗ್ಗುವವರೆಗೆ ಮೊಣಕೈ ಆಡಿಸುವಷ್ಟು ಜಾಗ ಇರುತ್ತದೆ. ಅಷ್ಟರಲ್ಲಿ ಮೂರೋ ನಾಲ್ಕೋ ಸಾಲು ಆಗುತ್ತದೆ. ಕುರ್ಲಾ ದಾಟುವುದರೊಳಗೆ ಅದರಲ್ಲೊಂದನ್ನು ಹೊಡೆದುಹಾಕಿರುತ್ತೇನೆ.

ಒಂದು ದಿನ ಅವರನ್ನು ಕೇಳಿದೆ: ‘ಮಾವಶಿ, ಒಂದು ಕಟ್ಟು ಬಿಡಿಸಿ ಮುಗಿಸಲು ಎಷ್ಟು ಸ್ಟೇಷನ್ ಬೇಕು?’ ಅವರು ತಲೆ ಎತ್ತಲಿಲ್ಲ. ‘ತೇ ಭಾಜೀವರ್ ಆಹೇ’ ಅಂದರು. ಅದು ಸೊಪ್ಪಿನ ಮೇಲಿದೆ. ಕೊತ್ತಂಬರಿಯಾದರೆ ಘಾಟ್‌ಕೋಪರಿಗೆ ಮುಗಿಯುತ್ತದಂತೆ. ಮೆಂತ್ಯವಾದರೆ ಠಾಣೆ. ಮಳೆಗಾಲದ ಮೆಂತ್ಯ ಕೆಸರು ಹಿಡಿದು ಬಂದಿರುತ್ತದೆ, ಅದಕ್ಕೆ ದಿವಾವರೆಗೂ ಬೇಕು.

ಆ ಮಾತು ನನ್ನೊಳಗೆ ಇಳಿಯಲು ಕಾರಣವಿದೆ. ಹನ್ನೊಂದು ವರ್ಷದಿಂದ ನಾನು ಒಂದು ಕಥೆ ಬರೆಯುತ್ತಿದ್ದೇನೆ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ದುಡಿದ ನನ್ನ ಅಜ್ಜಿಯ ಕಥೆ. ಮೊದಲ ವಾಕ್ಯ ಬಹಳ ಹಿಂದೆಯೇ ಸಿಕ್ಕಿತ್ತು: ಗೋಡೆ ಗಡಿಯಾರ ನಾಲ್ಕು ಹೊಡೆದಾಗ ಅವಳು ಎದ್ದು ಆಗರಕ್ಕೆ ಹೊರಟಳು. ಅಲ್ಲಿಂದ ಮುಂದೆ ಅಜ್ಜಿ ನಡೆಯಲೇ ಒಲ್ಲಳು. ಇದೇ ಹನ್ನೊಂದು ವರ್ಷದಲ್ಲಿ, ನನ್ನ ಜೊತೆಗೇ ಬರೆಯಲು ತೊಡಗಿದ ಗೆಳತಿಯ ಆರು ಪುಸ್ತಕ ಬಂದವು. ಆರೂ ಬಿಡುಗಡೆಗಳಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಮನಸಾರೆ ಚಪ್ಪಾಳೆ ತಟ್ಟಿದ್ದೇನೆ. ಅವಳು ಚೆನ್ನಾಗಿ ಬರೆಯುತ್ತಾಳೆ. ಆದರೆ ಮಾಹೀಮಿನ ಕರ್ನಾಟಕ ಸಂಘದಿಂದ ಮಾಟುಂಗಾ ರೋಡ್ ಸ್ಟೇಷನ್ನಿಗೆ ನಡೆದು ಬರುವ ಆ ಹತ್ತು ನಿಮಿಷದಲ್ಲಿ ಎದೆಯೊಳಗೆ ಏನೋ ಒಂದು ಭಾರವಾಗುತ್ತ ಹೋಗುತ್ತಿತ್ತು. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾದೀತು. ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಹೆದರಿಕೆ. ನನ್ನ ಬಾವಿಯಲ್ಲಿ ನೀರೇ ಇಲ್ಲವೇನೋ, ಸುಮ್ಮನೆ ಕೊಡ ಇಳಿಬಿಟ್ಟು ಕೂತಿದ್ದೇನೇನೋ ಎಂಬ ಹೆದರಿಕೆ.

ಅಂಥ ರಾತ್ರಿಗಳಲ್ಲಿ ನಾನು ಯಶವಂತ ಚಿತ್ತಾಲರ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಇಸವಿಗಳನ್ನು ನೋಡುತ್ತೇನೆ. ಕಥೆ ಓದಲಿಕ್ಕಲ್ಲ, ಬರೀ ಇಸವಿ. 1957ರಲ್ಲಿ ‘ಸಂದರ್ಶನ’. 1960ರಲ್ಲಿ ‘ಆಬೋಲೀನ’. 1964ರಲ್ಲಿ ಮೊದಲ ಕಾದಂಬರಿ ‘ಮೂರು ದಾರಿಗಳು’. ಮುಂದಿನ ಕಾದಂಬರಿ ‘ಶಿಕಾರಿ’ ಬಂದದ್ದು 1979ರಲ್ಲಿ. ನಡುವೆ ಹದಿನೈದು ವರ್ಷ. ‘ಆಟ’ದಂಥ ಕಥಾಸಂಕಲನ ಬಂತು, ನಿಜ, ಆದರೆ ಕಾದಂಬರಿಯ ಮಟ್ಟಿಗೆ ಹದಿನೈದು ವರ್ಷ ಮೌನ. ಆ ಮೌನದಿಂದ ಎದ್ದು ಬಂದ ‘ಶಿಕಾರಿ’ಯ ನಾಗಪ್ಪ ಮುಂಬಯಿಯ ಕಂಪನಿ ಜಗತ್ತಿನ ಹೊಟ್ಟೆಯೊಳಗಿನ ಭಯವನ್ನು ಕನ್ನಡದಲ್ಲಿ ಹೇಳಿದ. ಇವತ್ತಿಗೂ ಫೋರ್ಟಿನ ಯಾವುದಾದರೂ ಆಫೀಸಿನ ಲಿಫ್ಟಿನಲ್ಲಿ ಒಬ್ಬಳೇ ಇದ್ದಾಗ ನನಗೆ ಅವನ ನೆನಪಾಗುತ್ತದೆ. ಮುಂದೆ ಚಿತ್ತಾಲರ ಕಾದಂಬರಿಗಳು 1985, 1990, 1996ರಲ್ಲಿ ಬಂದವು. ಐದಾರು ವರ್ಷಕ್ಕೊಂದು. ಹಾಗಾದರೆ ಅವರ ಗತಿ ಯಾವುದು? ಮೂರು ವರ್ಷದ್ದೇ, ಐದರದ್ದೇ, ಹದಿನೈದರದ್ದೇ? ಒಬ್ಬನೇ ಮನುಷ್ಯ, ಅದೇ ಕೈ. ಬೇರೆಬೇರೆಯಾಗಿದ್ದದ್ದು ಬರೆಸಿಕೊಳ್ಳಲು ಬಂದ ವಸ್ತು.

ಅವರ ಅಣ್ಣ ಗಂಗಾಧರ ಚಿತ್ತಾಲರನ್ನು ನೆನೆದರೆ ಬೆರಗು ಇನ್ನೂ ಹೆಚ್ಚುತ್ತದೆ. ಅದೇ ಹನೇಹಳ್ಳಿ, ಅದೇ ಮನೆ, ಅದೇ ತಾಯಿಯ ಕೈತುತ್ತು. ತಮ್ಮ ಯಶವಂತರು ಕಥೆ, ಕಾದಂಬರಿಗಳ ಸಾಲನ್ನೇ ಕಟ್ಟಿದರು. ಅಣ್ಣ 1987ರಲ್ಲಿ ತೀರಿಕೊಳ್ಳುವವರೆಗೆ ಕೊಟ್ಟದ್ದು ನಾಲ್ಕು ಕವನಸಂಕಲನ. ಅವರಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಯಾರು ಮುಂದೆ, ಯಾರು ಹಿಂದೆ ಎಂದು ಅಳೆಯಲು ನನಗೆ ಮನಸ್ಸೇ ಬರುವುದಿಲ್ಲ. ಹಾಗಿದ್ದರೆ ನನ್ನನ್ನೂ ನನ್ನ ಗೆಳತಿಯನ್ನೂ ಮಾತ್ರ ಯಾಕೆ ಅಳೆಯುತ್ತ ಕೂತೆ?

ಯಶವಂತ ಚಿತ್ತಾಲರ ಉದ್ಯೋಗದ ಬಗ್ಗೆ ಯೋಚಿಸುವುದೂ ನನಗೆ ಇಷ್ಟ. ಅವರು ಪಾಲಿಮರ್ ತಜ್ಞರು, ಬೇಕಲೈಟ್ ಹೈಲಂ ಕಂಪನಿಯಲ್ಲಿದ್ದವರು. ಬೇಕಲೈಟ್ ಅಂದರೆ 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಕಂಡುಹಿಡಿದ ಪ್ಲಾಸ್ಟಿಕ್ಕು. ಹಳೆಯ ಮನೆಗಳ ಕರಿ ಸ್ವಿಚ್ಚು, ಕುಕ್ಕರಿನ ಹಿಡಿ. ನನ್ನ ಭಾವ ಸಾಕಿನಾಕಾದಲ್ಲಿ ಮೌಲ್ಡಿಂಗ್ ಕೆಲಸದಲ್ಲಿದ್ದವರು. ಒಂದು ಸಲ ಊಟಕ್ಕೆ ಬಂದಾಗ ನಮ್ಮ ಕುಕ್ಕರಿನ ಹಿಡಿ ಹಿಡಿದು ತೋರಿಸಿದರು. ‘ಪುಡಿಯನ್ನು ಅಚ್ಚಿಗೆ ಹಾಕಿ ಕಾಯಿಸಿ ಒತ್ತುತ್ತೇವೆ. ತೆಳ್ಳಗಿನ ಸಾಮಾನು ಬೇಗ ಆಗುತ್ತದೆ. ದಪ್ಪ ಇದ್ದಷ್ಟೂ ಹೆಚ್ಚು ಹೊತ್ತು ಅಚ್ಚಿನೊಳಗೇ ಬಿಡಬೇಕು. ಆರ್ಡರಿನ ಅವಸರಕ್ಕೆ ಬೇಗ ತೆಗೆದೆಯೋ, ಮೈಯೆಲ್ಲ ಗುಳ್ಳೆ.’ ಸರಿಯಾಗಿ ಗಟ್ಟಿಯಾದ ಮೇಲೆ ಮತ್ತೆ ಎಷ್ಟು ಕಾಯಿಸಿದರೂ ಅದು ಕರಗಿ ನೀರಾಗುವುದಿಲ್ಲ. ಆ ದಿನ ಪಾತ್ರೆ ತೊಳೆಯುವಾಗ ಆ ಹಿಡಿಯನ್ನು ಎಷ್ಟೋ ಹೊತ್ತು ತಿರುಗಿಸಿ ತಿರುಗಿಸಿ ನೋಡಿದೆ.

ಬೇಗ ಬರೆದದ್ದು ತೆಳುವೆಂದು ಮಾತ್ರ ನಾನು ಒಪ್ಪುವುದಿಲ್ಲ. ಶಿವರಾಮ ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ‘ಮೂಕಜ್ಜಿಯ ಕನಸುಗಳು’ ಆ ಹರಿವಿನಲ್ಲೇ ಬಂದ ಅಲೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ಗೆ ಒಂಬತ್ತು ವರ್ಷ ತೆಗೆದುಕೊಂಡರು. ಗೋಕರ್ಣದ ಜಯಂತ ಕಾಯ್ಕಿಣಿಗೆ ‘ರಂಗದಿಂದೊಂದಿಷ್ಟು ದೂರ’ಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗ ಹತ್ತೊಂಬತ್ತು ವರ್ಷ. ಅವರೇ ನಮ್ಮ ಈ ಊರಿನ ಚಾಳು, ಗಲ್ಲಿ, ಲೋಕಲ್ಲುಗಳ ಬಗ್ಗೆ ಬರೆದ ಕಥೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಇಂಗ್ಲಿಷಿಗೆ ಹೋಗಿ, ದಕ್ಷಿಣ ಏಷ್ಯಾದ 2018ರ ಡಿಎಸ್‌ಸಿ ಪ್ರಶಸ್ತಿ ತಂದಾಗ ಅರವತ್ತು ದಾಟಿತ್ತು. ಒಂದೇ ಬದುಕಿನಲ್ಲಿ ಒಂದು ಬೇಗ, ಒಂದು ತಡ.

ನನ್ನ ಆಫೀಸಿನಿಂದ ಕಾಲಾಘೋಡಾ ಹತ್ತು ನಿಮಿಷದ ನಡಿಗೆ. ಅಲ್ಲಿ ವೇಸೈಡ್ ಇನ್ ಎಂಬ ಹೋಟೆಲಿತ್ತು. ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದ ಅರುಣ್ ಕೊಲಟ್ಕರ್ ಅಲ್ಲಿ ಕೂತು ಎದುರಿನ ಫುಟ್‌ಪಾತನ್ನು ನೋಡುತ್ತಿದ್ದರು. ‘ಜೆಜುರಿ’ಗೆ 1977ರಲ್ಲಿ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಬಂತು. ಅಷ್ಟು ಹೆಸರಾದ ಮೇಲೆ ಇನ್ನೊಬ್ಬರಾಗಿದ್ದರೆ ಮರುವರ್ಷವೇ ಮತ್ತೊಂದು ಪುಸ್ತಕ ತರುತ್ತಿದ್ದರೇನೋ. ಕೊಲಟ್ಕರ್ ಇಂಗ್ಲಿಷಿನಲ್ಲಿ ಮುಂದಿನ ಪುಸ್ತಕ ಕೊಟ್ಟದ್ದು 2004ರಲ್ಲಿ, ತಾವು ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು. ‘ಕಾಲಾಘೋಡಾ ಪೊಯಮ್ಸ್’ನಲ್ಲಿ ಒಬ್ಬ ಇಡ್ಲಿ ಮಾರುವ ಹೆಂಗಸು ಬರುತ್ತಾಳೆ, ಹೆಸರು ಅನ್ನಪೂರ್ಣಾ. ಬೀದಿಯಲ್ಲಿ ಮಲಗೆದ್ದವರೆಲ್ಲ ಅವಳ ದೊಡ್ಡ ಡಬ್ಬದ ಸುತ್ತ ಸೇರುತ್ತಾರೆ. ಇಡ್ಲಿ ನಮಗೆ ಮನೆಯ ತಿಂಡಿ. ಅದನ್ನು ಅಷ್ಟು ಭಕ್ತಿಯಿಂದ ನೋಡಿದ ಕಣ್ಣನ್ನು ನಾನು ಬೇರೆಲ್ಲೂ ಕಂಡಿಲ್ಲ. ವರ್ಷಗಟ್ಟಲೆ ಕಿಟಕಿಯ ಪಕ್ಕ ಕೂರದಿದ್ದರೆ ಆ ಕಣ್ಣು ಬರುತ್ತಿತ್ತೇ?

ನಮ್ಮ ಮಾವನವರಂತೂ ಒಂದು ಅಕ್ಷರ ಕಥೆ ಬರೆದವರಲ್ಲ. ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಪಾಸಾದರು. ಆಗ ಇಪ್ಪತ್ತಾರು. ತಡವಾಯಿತು ಎಂದು ಅವರ ಖೋಲಿಯಲ್ಲಿ ಯಾರೂ ಹೇಳಲಿಲ್ಲವಂತೆ. ಎಲ್ಲರೂ ಪೇಡೆ ತಿಂದರು.

ಕಳೆದ ತಿಂಗಳು ಒಂದು ಭಾನುವಾರ ಬಾಂದ್ರಾಕ್ಕೆ ಹೋಗಿದ್ದೆ. ಚಿಂಬೈ ಕೋಳಿವಾಡದ ಹತ್ತಿರ ಒಬ್ಬ ಮುದುಕರು ನೈಲಾನಿನ ಬಲೆ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದರು. ನೀರು ಬಂಡೆಗಳಿಂದ ದೂರ ಸರಿದಿತ್ತು. ಯಾವಾಗ ಭರತಿ ಎಂದು ಕೇಳಿದೆ. ಅವರು ಗಡಿಯಾರ ನೋಡಲಿಲ್ಲ, ಇವತ್ತು ಯಾವ ತಿಥಿ ಎಂದು ಬೆರಳಲ್ಲಿ ಎಣಿಸಿ ಹೊತ್ತು ಹೇಳಿದರು. ‘ನಾಳೆ ಇದೇ ಹೊತ್ತಿಗೆ ಬಂದರೆ ಸಿಗುವುದಿಲ್ಲ ಬಾಯಿ, ಇನ್ನೂ ಮುಂದಕ್ಕೆ ಹೋಗಿರುತ್ತದೆ.’

ಇದು ಶಾಲೆಯಲ್ಲಿ ಓದಿದ್ದೇ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಮತ್ತೆ ತಲೆಯ ಮೇಲೆ ಕಾಣಲು ಭೂಮಿ ಇನ್ನೂ ಐವತ್ತು ನಿಮಿಷದಷ್ಟು ತಿರುಗಬೇಕು. ಹಾಗಾಗಿ ಇವತ್ತು ಬೆಳಿಗ್ಗೆ ಹತ್ತಕ್ಕೆ ಉಬ್ಬರ ಬಂದರೆ ನಾಳೆ ಹತ್ತೂ ಐವತ್ತರ ಸುಮಾರಿಗೆ. ಇಷ್ಟು ದೊಡ್ಡ ಅರಬ್ಬೀ ಕಡಲು ದಿನಕ್ಕೆ ಐವತ್ತು ನಿಮಿಷ ತಡವಾಗಿ ಬರುತ್ತಿದೆ, ಮುಂಬಯಿಯಂಥ ಮುಂಬಯಿಯ ದಡಕ್ಕೆ, ಒಂದು ನಿಮಿಷಕ್ಕೆ ಗಾಡಿ ತಪ್ಪಿತೆಂದು ನಾವೆಲ್ಲ ತಲೆ ಚಚ್ಚಿಕೊಳ್ಳುವ ಈ ಊರಿಗೆ. ಗಡಿಯಾರದ ಕಣ್ಣಿಗೆ ಅದು ತಡ. ಚಂದ್ರನ ಲೆಕ್ಕಕ್ಕೆ ಸರಿಯಾದ ಹೊತ್ತು. ಬಂಡೆಯ ಮೇಲೆ ಕೂತು ಅದನ್ನೇ ಯೋಚಿಸುತ್ತಿದ್ದಾಗ ಮೈ ಜುಮ್ಮೆಂದಿತು.

ಯಾಕೆಂದರೆ ಅಜ್ಜಿ ನೆನಪಾದಳು. ಆಗರಕ್ಕೆ ನೀರು ಬರುವುದು ಅಘನಾಶಿನಿಯ ಅಳಿವೆಯ ಭರತಿಯಿಂದ. ಅಜ್ಜಿ ಅದನ್ನು ನೋಡಿಯೇ ಏಳುತ್ತಿದ್ದಳು, ಒಂದು ದಿನ ನಸುಕಿಗೆ, ಒಂದು ದಿನ ಬಿಸಿಲೇರಿದ ಮೇಲೆ. ಅವಳ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಹನ್ನೊಂದು ವರ್ಷ ನಾನು ಅವಳನ್ನು, ಇಲ್ಲದ ಒಂದು ಗೋಡೆ ಗಡಿಯಾರದ ನಾಲ್ಕು ಗಂಟೆಗೆ ಎಬ್ಬಿಸಲು ನೋಡುತ್ತಿದ್ದೆ. ಅವಳು ಹೇಗೆ ಏಳುತ್ತಾಳೆ?

ಮರುದಿನ ಸಂಜೆ ಸಾಯನ್ ಹತ್ತಿರ ಆ ಮೊದಲ ವಾಕ್ಯವನ್ನು ಹೊಡೆದುಹಾಕಿದೆ. ಕಾಂಜುರ್‌ಮಾರ್ಗ್ ಬರುವಾಗ ಅದರ ಜಾಗದಲ್ಲಿ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಎದುರಿಗೆ ಮಾವಶಿಯ ಮೆಂತ್ಯ ಇನ್ನೂ ಅರ್ಧ ಉಳಿದಿತ್ತು. ಗೆಳತಿಗೆ ರಾತ್ರಿ ಫೋನ್ ಮಾಡಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನೊಮ್ಮೆ ಓದೇ’ ಅಂದಳು.

ಕಥೆ ಮುಗಿದಿಲ್ಲ. ನಿಮ್ಮ ಕಪಾಟಿನಲ್ಲೂ ಅರ್ಧಕ್ಕೆ ನಿಂತ ಹಾಳೆ ಇದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಇವತ್ತು ಒಮ್ಮೆ ತೆಗೆದು, ಮೊದಲ ಸಾಲನ್ನು ಗಟ್ಟಿಯಾಗಿ ಓದಿ ನೋಡಿ.