ನಂಬಿಕೆ ಎಲ್ಲಿಂದ ಹೊರಡುತ್ತದೆ: ವ್ಯಾಸರಾಯರ ತರ್ಕವೂ ಹಳೆಯ ಕಂಪ್ಯೂಟರೂ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹೊಸಪೇಟೆಯ ಝೆರಾಕ್ಸ್ ಅಂಗಡಿ, ಹಂಪಿಯಲ್ಲಿ ವಿದೇಶಿ ಅತಿಥಿಗಳ ಸಿ-ಫಾರಂ ತುಂಬಿ ಕಳಿಸುವ ಹೋಂಸ್ಟೇ, ಸಂಡೂರಿನ ಅದಿರು ಲಾರಿಗಳ ವೇಬ್ರಿಡ್ಜ್, ಕಂಪ್ಲಿಯ ಅಕ್ಕಿ ಗಿರಣಿ, ಇಂಥ ಕಡೆಗಳಲ್ಲಿ ಆರೇಳು ವರ್ಷಗಳಿಂದ ದುಡಿಯುತ್ತಿರುವ ಕಂಪ್ಯೂಟರುಗಳಿಗೆಲ್ಲ ಈಗ ಒಂದೇ ಪೇಚು. ವಿಂಡೋಸ್ 11 ಹಾಕಿಕೊಳ್ಳಲು ಪರದೆಯ ಮೇಲೆ ಗುಂಡಿ ಒತ್ತಿದರೆ ಸಾಲದು. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಎಫ್2 ಅಥವಾ ಡಿಲೀಟ್ ಕೀಲಿಯನ್ನು ಒತ್ತುತ್ತ ಫರ್ಮ್‌ವೇರಿನ ಸೆಟಪ್ ಪುಟಕ್ಕೆ ಇಳಿಯಬೇಕು. ಲೆಗಸಿ ಎಂದಿದ್ದುದನ್ನು ಯುಇಎಫ್‌ಐ ಎಂದು ಬದಲಿಸಬೇಕು. ಮುಚ್ಚಿ ಕೂತಿದ್ದ ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ತೆರೆಯಬೇಕು. ಸೆಕ್ಯೂರ್ ಬೂಟ್ ಚಾಲೂ ಮಾಡಲು ಬರುವಂತಿರಬೇಕು, ಚಾಲೂ ಮಾಡಿದರೆ ಇನ್ನೂ ಒಳ್ಳೆಯದು. ಅಂಗಡಿಯವನಿಗೆ ಇದು ರಿಪೇರಿಯ ಕೆಲಸ. ಆದರೆ ಇದರ ಒಡಲಲ್ಲಿ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದಿದೆ. ಏಳು ವರ್ಷ ತಕರಾರಿಲ್ಲದೆ ದುಡಿದ ಯಂತ್ರಕ್ಕೆ ಈಗ ‘ನೀನು ನಂಬಿಕಸ್ಥನೆಂದು ರುಜುವಾತು ಕೊಡು’ ಎನ್ನುತ್ತೇವಲ್ಲ, ದುಡಿಮೆ ಕೊಡದ ಯಾವುದನ್ನು ರುಜುವಾತು ಕೊಡುತ್ತದೆ? ಬಹುಕಾಲದ ಬಳಕೆ ದಾಖಲೆಯ ಮುಂದೆ ನಿಲ್ಲುವುದಿಲ್ಲ ಎಂಬುದು ಹಂಪಿ ಬಜಾರಿಗೆ ಚೆನ್ನಾಗಿ ಗೊತ್ತು. ವಿರೂಪಾಕ್ಷನ ರಥಬೀದಿಯ ಮಂಟಪಗಳಲ್ಲಿ ದಶಕಗಳ ಕಾಲ ಬಾಳಿ ವ್ಯಾಪಾರ ಮಾಡಿದ ಕುಟುಂಬಗಳು 2011ರಲ್ಲಿ ಅಲ್ಲಿಂದ ಏಳಬೇಕಾಯಿತು. ಅದರ ನ್ಯಾಯಾನ್ಯಾಯ ಬೇರೆಯದೇ ಚರ್ಚೆ. ಇಲ್ಲಿ ನನಗೆ ಬೇಕಾದದ್ದು ರುಜುವಾತಿನ ಸ್ವಭಾವ ಮಾತ್ರ.

ಸ್ವಿಚ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಸಣ್ಣ ಚಿಪ್ಪೊಂದರಲ್ಲಿರುವ ಫರ್ಮ್‌ವೇರ್. ಎಲ್ಲರ ಬಾಯಲ್ಲಿ ಅದು ಇಂದಿಗೂ ಬಯಾಸ್. ಹಳೆಯ ಬಯಾಸ್ ಬಹಳ ಸರಳ ಜೀವಿ: ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಏನು ಬರೆದಿತ್ತೋ ಅದನ್ನು ಯಾರೆಂದು ಕೇಳದೆ ಓಡಿಸುತ್ತಿತ್ತು. ಸೆಕ್ಯೂರ್ ಬೂಟ್ ಹಚ್ಚಿದ ಯುಇಎಫ್‌ಐ ಹಾಗಲ್ಲ, ಮುಂದಿನ ಪ್ರೋಗ್ರಾಮಿನ ಸಹಿ ನೋಡಿಯೇ ಬಾಗಿಲು ತೆಗೆಯುತ್ತದೆ. ಯಾರ ಸಹಿ ನಡೆಯುತ್ತದೆ ಎನ್ನುವುದಕ್ಕೆ ‘ಡಿಬಿ’ ಎಂಬ ಪಟ್ಟಿ ಇದೆ, ಯಾವುದು ರದ್ದಾಗಿದೆ ಎನ್ನುವುದಕ್ಕೆ ‘ಡಿಬಿಎಕ್ಸ್’ ಎಂಬ ಇನ್ನೊಂದು ಪಟ್ಟಿ. ಈ ಪಟ್ಟಿಗಳನ್ನು ತಿದ್ದುವ ಅಧಿಕಾರ ಕೆಇಕೆ ಎಂಬ ಕೀಲಿಯ ಕೈಯಲ್ಲಿ. ಕೆಇಕೆಯನ್ನು ಬದಲಿಸುವ ಅಧಿಕಾರ ಪ್ಲಾಟ್‌ಫಾರ್ಮ್ ಕೀಯದು. ಅದರ ಮೇಲೆ ಯಾರು? ಯಾರೂ ಇಲ್ಲ, ಯಂತ್ರ ತಯಾರಿಸಿದವರು ಕಾರ್ಖಾನೆಯಲ್ಲಿ ಇಟ್ಟು ಕಳಿಸಿದ್ದು ಅದು. ಇನ್ನು ಇಷ್ಟೆಲ್ಲವನ್ನೂ ಪರೀಕ್ಷಿಸುವ ಫರ್ಮ್‌ವೇರನ್ನೇ ಪರೀಕ್ಷಿಸುವುದು ಯಾವುದು? ಇಂಟೆಲ್‌ನ ಕೆಲವು ಯಂತ್ರಗಳಲ್ಲಿ ಬೂಟ್ ಗಾರ್ಡ್ ಎಂಬ ಏರ್ಪಾಡಿದೆ. ಸರಿಯಾದ ಕೀಲಿಯ ಗುರುತನ್ನು ಸಿಲಿಕಾನಿನಲ್ಲೇ ಸುಟ್ಟು ಬರೆದಿರುತ್ತಾರೆ. ಸುಟ್ಟು ಬರೆದದ್ದನ್ನು ಯಾರೂ ಪರೀಕ್ಷಿಸುವುದಿಲ್ಲ, ಪರೀಕ್ಷಿಸುವ ದಾರಿಯೂ ಇಲ್ಲ. ಎಷ್ಟೇ ಕೆಳಗಿಳಿದರೂ ಕೊನೆಗೊಂದು ಕಡೆ, ಪರೀಕ್ಷೆ ಇಲ್ಲದೆ ಒಪ್ಪಿಕೊಂಡ ಸಂಗತಿಯೊಂದು ಕೂತಿರುತ್ತದೆ.

ಇದೇ ತೊಡಕನ್ನು ಐನೂರು ವರ್ಷಗಳ ಹಿಂದೆ ಹಂಪಿಯಲ್ಲೇ ಒಬ್ಬರು ದೊಡ್ಡ ಗ್ರಂಥವೊಂದರಲ್ಲಿ ಕೈಗೆತ್ತಿಕೊಂಡಿದ್ದರು. ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಹನುಮನನ್ನು ಪ್ರತಿಷ್ಠೆ ಮಾಡಿದವರೆಂದು ಯಾತ್ರಿಕರು ನೆನೆಯುವ ವ್ಯಾಸರಾಯರು, ಅಂದರೆ ವ್ಯಾಸತೀರ್ಥರು, ‘ತರ್ಕತಾಂಡವ’ದಲ್ಲಿ ಮಿಥಿಲೆಯ ಗಂಗೇಶನ ನವ್ಯನ್ಯಾಯವನ್ನು ಎದುರುಹಾಕಿಕೊಂಡರು. ವಾದದ ಒಂದು ಮುಖ್ಯ ಕಣ ಪ್ರಾಮಾಣ್ಯ. ಒಂದು ಜ್ಞಾನ ನಿಜವೆಂಬುದು ನಮಗೆ ತಿಳಿಯುವುದು ಆ ಜ್ಞಾನದ ಜೊತೆಗೇ ಬರುವ ಅರಿವಿನಿಂದಲೋ, ಹೊರಗಿನ ಇನ್ನೊಂದು ಪುರಾವೆಯಿಂದಲೋ? ಮೊದಲಿನದು ಸ್ವತಃಪ್ರಾಮಾಣ್ಯ, ಎರಡನೆಯದು ಪರತಃಪ್ರಾಮಾಣ್ಯ. ಈ ವಿಷಯದಲ್ಲಿ ಯಾವ ದರ್ಶನ ಯಾವ ಪಕ್ಷ ಹಿಡಿದಿತ್ತು ಎಂಬುದನ್ನು, ವಿಜಯನಗರದ ಮೊದಲ ಶತಮಾನದಲ್ಲೇ ಮಾಧವರ ಹೆಸರಿನಲ್ಲಿ ಬಂದ ‘ಸರ್ವದರ್ಶನಸಂಗ್ರಹ’ ಪಟ್ಟಿ ಮಾಡಿ ಕೊಡುತ್ತದೆ: ಸಾಂಖ್ಯರಿಗೆ ನಿಜವೂ ಸುಳ್ಳೂ ಎರಡೂ ಸ್ವತಃ, ನೈಯಾಯಿಕರಿಗೆ ಎರಡೂ ಪರತಃ, ಬೌದ್ಧರಿಗೆ ಸುಳ್ಳು ಸ್ವತಃ ನಿಜ ಪರತಃ, ಮೀಮಾಂಸಕರಿಗೆ ನಿಜ ಸ್ವತಃ ಸುಳ್ಳು ಪರತಃ. ವ್ಯಾಸರಾಯರದು ಮಧ್ವಸಿದ್ಧಾಂತ. ಅವರ ಮತದಲ್ಲಿ ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಹಿಡಿಯುವುದು ಆತ್ಮಸ್ವರೂಪವೇ ಆದ ಸಾಕ್ಷಿ. ಸಂಶಯ ಅಡ್ಡ ಬಂದಾಗ ಪರೀಕ್ಷೆ ಬೇಕು, ನಿಜ. ಆದರೆ ಪರೀಕ್ಷೆ ಮಾಡುವುದು ಆ ಅಡ್ಡಿಯನ್ನು ಸರಿಸುವ ಕೆಲಸವನ್ನು ಮಾತ್ರ. ಪ್ರಾಮಾಣ್ಯವನ್ನು ಅದು ಹೊಸದಾಗಿ ಹುಟ್ಟಿಸುವುದಿಲ್ಲ.

ನನ್ನ ವಾದವೂ ಇಷ್ಟೇ. ಸೆಕ್ಯೂರ್ ಬೂಟ್ ಮೇಲ್ನೋಟಕ್ಕೆ ನೈಯಾಯಿಕನ ಯಂತ್ರ. ಪ್ರತಿ ಹಂತವನ್ನೂ ಇನ್ನೊಂದು ಹಂತ ಪ್ರಮಾಣೀಕರಿಸುತ್ತ ಹೋಗುತ್ತದೆ. ಆದರೆ ಅದು ನಡೆಯುವುದು ವ್ಯಾಸರಾಯರ ಲೆಕ್ಕದಲ್ಲಿ. ನೈಯಾಯಿಕನ ಪ್ರಸಿದ್ಧ ಉದಾಹರಣೆಯನ್ನೇ ನೋಡಿ: ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದೆ, ದಾಹ ತೀರಿತು, ಆದ್ದರಿಂದ ಮೊದಲು ಕಂಡದ್ದು ನಿಜ. ಹಾಗಾದರೆ ದಾಹ ತೀರಿತೆಂಬ ಅರಿವು ನಿಜವೆಂದು ಹೇಳಿದವರಾರು? ಅದಕ್ಕೆ ಇನ್ನೊಂದು ಪುರಾವೆ, ಆ ಪುರಾವೆಗೆ ಮತ್ತೊಂದು, ಇದೇ ಅನವಸ್ಥೆ. ನೈಯಾಯಿಕ ದಡ್ಡನಲ್ಲ, ಅವನಲ್ಲಿ ಉತ್ತರವಿದೆ. ಸಂಶಯ ಹುಟ್ಟದ ಕಡೆ ನಿಲ್ಲುತ್ತೇವೆ, ದಾಹ ತೀರಿದವನಿಗೆ ಆ ಬಗ್ಗೆ ಸಂಶಯವಿರುವುದಿಲ್ಲ ಎನ್ನುತ್ತಾನೆ. ಅಲ್ಲಿಗೆ ಅವನು ಎದುರಾಳಿಯ ಅಂಗಳಕ್ಕೇ ಬಂದು ನಿಂತಂತಾಯಿತು. ನಿಲ್ಲಿಸಿದ್ದು ಪುರಾವೆಯ ಇರುವಿಕೆಯಲ್ಲ, ಸಂಶಯದ ಇಲ್ಲದಿರುವಿಕೆ. ಸಂಶಯ ಇಲ್ಲದ ಕಡೆ ಅರಿವು ತಾನಾಗಿ ಪ್ರಮಾಣವೆನಿಸಿಕೊಳ್ಳುವುದನ್ನೇ ಸ್ವತಃಪ್ರಾಮಾಣ್ಯ ಎನ್ನುವುದು. ಸಿಲಿಕಾನಿನಲ್ಲಿ ಸುಟ್ಟ ಗುರುತೂ ಇಂಥದೇ ನಿಲುಗಡೆ.

ಹಳೆಯ ಯಂತ್ರವನ್ನು ಅಣಿಗೊಳಿಸುವ ಕ್ರಮವನ್ನು ಗಮನಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಎಲ್ಲಕ್ಕೂ ಮೊದಲು ಬೇಕಾದ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ತಡೆಹಿಡಿದು, 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ತಯಾರಕರ ಹೊಸ ಫರ್ಮ್‌ವೇರ್ ಇದ್ದರೆ ಯುಪಿಎಸ್ ಜೋಡಿಸಿಯೇ ಏರಿಸಬೇಕು. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಸೋತಿದ್ದರೆ ಬದಲಿಸಬೇಕು, ಇಲ್ಲದಿದ್ದರೆ ಮಾಡಿದ ಸೆಟ್ಟಿಂಗುಗಳು ಮತ್ತೆ ಮೊದಲಿನ ಸ್ಥಿತಿಗೆ ಹೋಗುವುದುಂಟು. ಡಿಸ್ಕು ಎಂಬಿಆರ್ ಎಂಬ ಹಳೆಯ ವಿನ್ಯಾಸದಲ್ಲಿದ್ದರೆ ವಿಂಡೋಸ್ 10ರೊಳಗೇ ಇರುವ ಎಂಬಿಆರ್2ಜಿಪಿಟಿಯಿಂದ ಜಿಪಿಟಿ ವಿನ್ಯಾಸಕ್ಕೆ ತರಬೇಕು. ಅದಾದ ಮೇಲೆಯೇ ಲೆಗಸಿಯನ್ನು ಬಿಟ್ಟು ಯುಇಎಫ್‌ಐಗೆ ಹೋಗಬೇಕು. ಅವಸರಪಟ್ಟು ಮೊದಲೇ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಆಮೇಲೆ ಟಿಪಿಎಂ ತೆರೆಯಲು ಇಂಟೆಲ್ ಯಂತ್ರವಾದರೆ ಪಿಟಿಟಿ, ಎಎಂಡಿ ಯಂತ್ರವಾದರೆ ಎಫ್‌ಟಿಪಿಎಂ, ಕೊನೆಗೆ ಸೆಕ್ಯೂರ್ ಬೂಟ್. ಇದರಲ್ಲಿ ಯಂತ್ರಕ್ಕೆ ಹೊಸದಾಗಿ ತಂದು ಸೇರಿಸಿದ ನಂಬಿಕೆ ಎಲ್ಲಿದೆ? ಟಿಪಿಎಂ ಅದರೊಳಗೇ ಮುಚ್ಚಿಕೊಂಡಿತ್ತು, ಕೀಲಿಗಳು ಕಾರ್ಖಾನೆಯಿಂದಲೇ ಬಂದಿದ್ದವು. ನಾವು ಮಾಡಿದ್ದು ಅಡ್ಡಿಗಳನ್ನು ಒಂದೊಂದಾಗಿ ಎತ್ತಿದ್ದು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಎಲ್ಲವೂ ತಾನಾಗಿಯೇ ಪ್ರಮಾಣವೆಂದರೆ ಹಳೆಯ ಬಯಾಸ್ ಮಾಡುತ್ತಿದ್ದುದೇ ಸರಿಯಾಗಿತ್ತಲ್ಲ. ಡಿಸ್ಕಿನ ಮೊದಲ ತುಂಡಿನಲ್ಲಿ ವೈರಸ್ ಕೂತರೂ ಅದನ್ನೇ ಓಡಿಸಿ ಕೈತೊಳೆದುಕೊಳ್ಳುತ್ತಿತ್ತು. ಆಕ್ಷೇಪ ಸ್ವತಃಪ್ರಾಮಾಣ್ಯದ ಅರ್ಧವನ್ನು ಮರೆಯುತ್ತದೆ. ನಿಜ ಸ್ವತಃ ಎಂದ ಮೀಮಾಂಸಕರೇ ಸುಳ್ಳು ಪರತಃ ಎಂದೂ ಹೇಳಿದ್ದಾರೆ. ದೋಷ ಹೊರಗಿನಿಂದ ತಿಳಿದುಬರುತ್ತದೆ, ತಿಳಿದ ಕೂಡಲೇ ಮೊದಲಿನ ಅರಿವು ಬಾಧಿತವಾಗುತ್ತದೆ. ಡಿಬಿಎಕ್ಸ್ ಪಟ್ಟಿ ಅಕ್ಷರಶಃ ಇದೇ. ಒಂದು ಬೂಟ್‌ಲೋಡರಿನಲ್ಲಿ ತೂತಿದೆಯೆಂದು ಹೊರಗಿನ ಯಾರೋ ಪತ್ತೆ ಮಾಡುತ್ತಾರೆ, ಅದರ ಗುರುತು ಪಟ್ಟಿಗೆ ಸೇರುತ್ತದೆ, ನಿನ್ನೆಯವರೆಗೆ ನಡೆಯುತ್ತಿದ್ದ ಸಹಿ ಇಂದಿನಿಂದ ನಡೆಯುವುದಿಲ್ಲ. ಹಳೆಯ ಬಯಾಸಿನ ತಪ್ಪು ನಂಬಿದ್ದರಲ್ಲಿರಲಿಲ್ಲ, ಬಾಧಕವನ್ನು ಕೇಳಿಸಿಕೊಳ್ಳಲು ಕಿವಿಯೇ ಇಲ್ಲದ್ದರಲ್ಲಿತ್ತು. ಇನ್ನು ಪರೀಕ್ಷೆಯೇ ನಂಬಿಕೆಯನ್ನು ಹುಟ್ಟಿಸುತ್ತದೆ ಎನ್ನುವವರು ಪಿಕೆಫೇಲ್ ಎಂದು ಹೆಸರಾದ ಪ್ರಕರಣಕ್ಕೆ ಉತ್ತರ ಹೇಳಬೇಕಾಗುತ್ತದೆ. 2024ರ ಜುಲೈನಲ್ಲಿ ಬೈನಾರ್ಲಿ ಎಂಬ ಭದ್ರತಾ ಸಂಸ್ಥೆ ಬಯಲಿಗಿಟ್ಟ ಸಂಗತಿ ಅದು: ನೂರಾರು ಮಾದರಿಯ ಯಂತ್ರಗಳು ಪ್ರಯೋಗಕ್ಕೆಂದು ಮಾಡಿದ ಪ್ಲಾಟ್‌ಫಾರ್ಮ್ ಕೀಯನ್ನೇ ಹೊತ್ತು ಮಾರುಕಟ್ಟೆಗೆ ಬಂದಿದ್ದವು. ಆ ಕೀಲಿಯ ಹೆಸರಿನಲ್ಲೇ ನಂಬಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು! ಪರೀಕ್ಷೆಗಳೆಲ್ಲ ನಿಯಮದಂತೆ ನಡೆಯುತ್ತಲೇ ಇದ್ದವು, ಹಸಿರು ಗುರುತು ಬೀಳುತ್ತಲೇ ಇತ್ತು. ಬುಡದಲ್ಲಿ ಇಲ್ಲದ್ದನ್ನು ಮೇಲಿನ ಎಷ್ಟು ಪರೀಕ್ಷೆ ಸೇರಿಯೂ ತಂದುಕೊಡಲಾರದು ಎನ್ನಲು ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ತರ್ಕದ ಪಂಡಿತರೂ ಕಲ್ಪಿಸಿಕೊಳ್ಳಲಾರರು.

ಯಂತ್ರಕ್ಕೆ ಜ್ಞಾನವೇ ಇಲ್ಲದಿರುವಾಗ ಪ್ರಾಮಾಣ್ಯದ ಮಾತೇಕೆ ಎಂದು ಇನ್ನೊಬ್ಬರು ಕೇಳಬಹುದು. ಸರಿಯಾದ ಪ್ರಶ್ನೆಯೇ, ಪ್ರೊಸೆಸರಿಗೆ ಸಾಕ್ಷಿಯಿದೆ ಎಂದು ನಾನು ಹೇಳಲಾರೆ. ಟಿಪಿಎಂ ಹೇಗೆ ನಡೆದುಕೊಳ್ಳುತ್ತದೆಂದು ನೋಡಿದರೆ ಈ ಅಂತರ ತಾನೇ ತೋರುತ್ತದೆ. ಬೂಟ್ ಆಗುವಾಗ ಪ್ರತಿ ಹಂತದ ಅಳತೆಯನ್ನೂ ಅದು ತನ್ನ ರಿಜಿಸ್ಟರುಗಳಲ್ಲಿ ದಾಖಲಿಸಿಕೊಳ್ಳುತ್ತದೆ, ಯಾರನ್ನೂ ತಡೆಯುವುದಿಲ್ಲ, ಸರಿ ತಪ್ಪು ಎನ್ನುವುದಿಲ್ಲ. ಫರ್ಮ್‌ವೇರಿನಲ್ಲಿ ಸೆಕ್ಯೂರ್ ಬೂಟಿನಂಥ ಸೆಟ್ಟಿಂಗ್ ಬದಲಾದರೆ ಅಳತೆ ಬದಲಾಗುತ್ತದೆ. ಆಗ ಬಿಟ್‌ಲಾಕರಿನ ಬೀಗ ತೆರೆಯುವ ಗುಟ್ಟನ್ನು ಟಿಪಿಎಂ ಬಿಟ್ಟುಕೊಡುವುದಿಲ್ಲ, ನೀಲಿ ಪರದೆ ಬಂದು 48 ಅಂಕಿ ಕೇಳುತ್ತದೆ. ಬದಲಾವಣೆ ಮಾಡಿದ್ದು ಕಳ್ಳನೋ ಯಜಮಾನನೋ ಎಂಬುದು ಯಂತ್ರಕ್ಕೆ ತಿಳಿಯದು. ಅದನ್ನು ಬಲ್ಲವನು, ಕಾಗದದಲ್ಲಿ ಬರೆದಿಟ್ಟ ಅಂಕಿಗಳನ್ನು ಒತ್ತುತ್ತ ಕೂತ ಮನುಷ್ಯ: ಬದಲಿಸಿದ್ದು ತಾನೇ ಎಂಬ ಅವನ ಅರಿವಿಗೆ ಇನ್ನೊಂದು ಪ್ರಮಾಣಪತ್ರ ಬೇಕಾಗಿಲ್ಲ. ಸರಪಳಿ ಇಷ್ಟು ಉದ್ದ ಸಾಗಿ ಬಂದು ಕೊನೆಗೆ ಆತುಕೊಳ್ಳುವುದು ಆ ಅರಿವಿಗೇ. ಯಂತ್ರ ಎರವಲು ಪಡೆದ ನಂಬಿಕೆಯ ಮೂಲ ಅಲ್ಲಿದೆ.

ಬುಡವೇ ಬದಲಾಗಬೇಕಾದಾಗ ಏನು ಮಾಡುವುದು? ಇದು ಈಗ ನಿಜವಾಗಿಯೂ ಎದುರಾಗಿರುವ ಸಂಗತಿ. ಸೆಕ್ಯೂರ್ ಬೂಟಿಗಾಗಿ ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಅವುಗಳ ಜಾಗಕ್ಕೆ 2023ರ ಪತ್ರಗಳು ಬರಬೇಕು. ಅವಧಿ ಮುಗಿದ ಮಾತ್ರಕ್ಕೆ ಯಂತ್ರ ನಿಂತುಹೋಗುವುದಿಲ್ಲ, ಆದರೆ ಬೂಟ್ ಹಂತದ ಹೊಸ ಭದ್ರತಾ ತಿದ್ದುಪಡಿಗಳು ಅದಕ್ಕೆ ದಕ್ಕುವುದಿಲ್ಲ. ಹೊಸ ಪತ್ರ ಒಳಗೆ ಬರುವುದು ಹಳೆಯ ಕೀಲಿಯ ಒಪ್ಪಿಗೆಯಿಂದ. ಇದಕ್ಕೆ ಹತ್ತಿರದಲ್ಲೇ ಒಂದು ದೃಷ್ಟಾಂತವಿದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ದುಷ್ಕರ್ಮಿಗಳು ವ್ಯಾಸರಾಯರ ಸಮಾಧಿಯಾದ ವೃಂದಾವನವನ್ನೇ ಕೆಡವಿಹಾಕಿದ್ದರು. ಯತಿಗಳೂ ಭಕ್ತರೂ ಸೇರಿ ಬೇಗನೆ ಅದನ್ನು ಮತ್ತೆ ಕಟ್ಟಿದರು. ಇಂದು ಅಲ್ಲಿ ನಮಸ್ಕರಿಸುವವರು ಇದು ಅದೇ ವೃಂದಾವನವೇ ಎಂದು ಕಲ್ಲನ್ನು ಪರೀಕ್ಷಿಸುವುದಿಲ್ಲ. ಹಳೆಯದನ್ನು ಬಲ್ಲವರೇ ಹೊಸದನ್ನು ನಿಲ್ಲಿಸಿದರೆಂಬುದು ಅವರಿಗೆ ಸಾಕು. ಆ ಬಲ್ಲವರು ಇಲ್ಲವಾದ ಮೇಲೆ ಕಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಹಳೆಯ ಕಂಪ್ಯೂಟರನ್ನು ಅವಧಿಯೊಳಗೇ ಅಣಿಗೊಳಿಸಿ ಎಂದು ಹೇಳುವುದರ ಹಿಂದೆಯೂ ಇದೇ ಕಾರಣ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಮೀಮಾಂಸಕನ ಕಡೆಯಿಂದ ಬರುತ್ತದೆ. ವೇದ ಅಪೌರುಷೇಯ, ಕರ್ತೃವೇ ಇಲ್ಲದ್ದರಿಂದ ಕರ್ತೃದೋಷವೂ ಇಲ್ಲ, ಆದ್ದರಿಂದ ಅದರ ಪ್ರಾಮಾಣ್ಯಕ್ಕೆ ಬಾಧೆಯಿಲ್ಲ ಎಂಬುದು ಅವನ ದಾರಿ. ಫರ್ಮ್‌ವೇರಾದರೋ ಅಡಿಯಿಂದ ಮುಡಿಯವರೆಗೆ ಪೌರುಷೇಯ. ಬರೆದವನಿದ್ದಾನೆ, ಅವನಿಗೊಂದು ಕಂಪನಿ ಇದೆ, ಕಂಪನಿಗೆ ತನ್ನದೇ ಲಾಭನಷ್ಟ ಇದೆ. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರುಗಳನ್ನು, ಕೆಲವನ್ನು ಬಿಟ್ಟು, ವಿಂಡೋಸ್ 11 ಒಪ್ಪುವುದಿಲ್ಲ. ಅದು ಭದ್ರತೆಯ ಮಾತು ಎಷ್ಟು, ವ್ಯಾಪಾರದ ಮಾತು ಎಷ್ಟು ಎಂದು ಅನುಮಾನಿಸುವವರನ್ನು ನಾನು ದೂರುವುದಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ, ಅದರ ತೂಕ ಎಲ್ಲಿ ಬೀಳುತ್ತದೆ ಎಂದು ಮಾತ್ರ ತೋರಿಸಬಲ್ಲೆ. ಸ್ವತಃಪ್ರಾಮಾಣ್ಯವನ್ನು ಹೇಳಿದ್ದು ವೇದವೊಂದಕ್ಕೇ ಅಲ್ಲ, ಎಲ್ಲ ಅರಿವಿಗೂ. ಅಪೌರುಷೇಯತ್ವ ಸೇರಿಸುವುದು ಬಾಧಕ ಎಂದೂ ಬರಲಾರದು ಎಂಬ ಭರವಸೆಯನ್ನು ಮಾತ್ರ. ಮನುಷ್ಯರು ಮಾಡಿದ ಕೀಲಿಗೆ ಆ ಭರವಸೆ ಇಲ್ಲ. ಹಾಗಾಗಿ ಅದನ್ನು ನಂಬಬಹುದು, ಆದರೆ ಬಾಧಕ ಬಂದಾಗ ಕಿತ್ತುಹಾಕುವ ಅಧಿಕಾರ ನಂಬಿದವನ ಕೈಯಲ್ಲೂ ಇರಬೇಕು. ಲಿನಕ್ಸಿಗೆ ಹೋದರೆ ಈ ರಗಳೆ ಇಲ್ಲ ಎನ್ನುವವರಿಗೂ ಬಿಡುಗಡೆ ಸುಲಭವಲ್ಲ. ಉಬುಂಟು, ಫೆಡೋರಾಗಳು ಸೆಕ್ಯೂರ್ ಬೂಟ್ ಇದ್ದಾಗ ಏಳುವುದು ಶಿಮ್ ಎಂಬ ಸಣ್ಣ ಪ್ರೋಗ್ರಾಮಿನ ಮೂಲಕ, ಅದರ ಮೇಲಿರುವುದೂ ಮೈಕ್ರೋಸಾಫ್ಟಿನ ಸಹಿಯೇ. ಬಹಳಷ್ಟು ಕಂಪ್ಯೂಟರುಗಳ ಸೆಟಪ್ ಪುಟದಲ್ಲಿ ಕಾರ್ಖಾನೆಯ ಕೀಲಿಗಳನ್ನು ಅಳಿಸಿ ತನ್ನದೇ ಕೀಲಿ ಸೇರಿಸುವ ಆಯ್ಕೆ ಇದೆ. ಕೆಲವದರಲ್ಲಿ ಆ ಸಾಲು ಬೂದುಬಣ್ಣಕ್ಕೆ ತಿರುಗಿ ಒತ್ತಿದರೂ ಕದಲುವುದಿಲ್ಲ. ಎರಡು ಬಗೆಯವೂ ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಬೆಲೆಚೀಟಿಯ ಮೇಲೆ ರ‍್ಯಾಮ್ ಎಷ್ಟು ಡಿಸ್ಕ್ ಎಷ್ಟು ಎಂದು ಬರೆದಿರುತ್ತದೆ, ಆ ಸಾಲಿನ ಬಗ್ಗೆ ಏನೂ ಬರೆದಿರುವುದಿಲ್ಲ.