ಮೊದಲ ಸೈಟಿಗೂ ಮೊದಲಿನ ಪ್ರಶ್ನೆ

ತಾರ್ನಾಕದಲ್ಲಿ ನಾವು ನಾಲ್ಕು ಕನ್ನಡಿಗರು ಸೇರಿದರೆ ಮಾತು ಸೈಟಿನ ಕಡೆಗೇ ತಿರುಗುತ್ತದೆ. ಹೊಸಬರಿಗೆ ಸಲಹೆಗಳ ಬರವಿಲ್ಲ: ಇಸಿ ತೆಗೆಸು, ಲಿಂಕ್ ಡಾಕ್ಯುಮೆಂಟ್ ನೋಡು, ರೇರಾ ನಂಬರ್ ಕೇಳು, ಜಾಗ ಕೆರೆಯೊಳಗಿದೆಯೇ ವಿಚಾರಿಸು. ಎಲ್ಲವೂ ‘ನನ್ನ ದುಡ್ಡು ಮುಳುಗದಿರಲಿ’ ಎಂಬ ಎಚ್ಚರವೇ. ಬೇರೆಯವರದು ಮುಳುಗಿದರೆ?

ಈ ಊರಲ್ಲೇ ಒಂದು ಉದಾಹರಣೆಯಿದೆ. 1908ರ ಮೂಸಿ ಪ್ರವಾಹದ ನಂತರ ನಗರವನ್ನು ಕಾಯಲು ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿದರು. ಆ ನೀರು ಕೆಡದಿರಲೆಂದು 1996ರ ಜಿ.ಒ. 111, ಸುತ್ತಲಿನ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿತು. ಆ ನಿರ್ಬಂಧ ತೆಗೆಯುವ ಆದೇಶ 2022ರಲ್ಲಿ ಬಂತು. ಬೆಲೆ ಏರುವ ಮೊದಲೇ ಹಿಡಿಯಿರಿ ಎನ್ನುತ್ತಾರೆ ಏಜೆಂಟರು.

ನಗರದ ನೀರಿಗಾಗಿ ಅಷ್ಟು ವರ್ಷ ಕಡಿಮೆ ಬೆಲೆ ಸಹಿಸಿಕೊಂಡವನು ರೈತ. ಅವನು ಈಗ ಮಾರುವುದು ತಪ್ಪಲ್ಲ. ಆದರೆ ನಾನು ಇಂದು ಕೊಂಡು ನಾಳೆ ಮಾರಿದರೆ, ಅವನು ಸಹಿಸಿದ್ದರ ಫಲ ನನಗೆ. ಕೆರೆಗೆ ಹರಿಯುವ ನೀರಿಗೆ ಅಡ್ಡ ಬಿದ್ದ ಕಾಂಕ್ರೀಟು ಊರಿಗೆ. ಕಾಗದಪತ್ರ ಸರಿಯಿದೆ ಎಂಬುದು ಇದಕ್ಕೆ ಉತ್ತರವಲ್ಲ.

ಹೊಸಬರ ಪಟ್ಟಿಗೆ ಇದೊಂದು ಸೇರಲಿ: ನನ್ನ ಲಾಭಕ್ಕೆ ಬೆಲೆ ತೆರುವವರು ಯಾರು? ಉತ್ತರ ಹೇಳಲು ಸಂಕೋಚವಾದರೆ ಅಡ್ವಾನ್ಸ್ ಕೊಡದಿರುವುದೇ ಸರಿ.