ಮಾತು ತೆಗೆದುಕೊಂಡವರು

ಕೊಟ್ಟ ಮಾತು ಉಳಿಸಿಕೊಂಡವರ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ರಾಘವಾಂಕನ ಹರಿಶ್ಚಂದ್ರ, ಗೋವಿನ ಹಾಡಿನ ಪುಣ್ಯಕೋಟಿ, ಇವರ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳು ವಿರಳ. ಆದರೆ ಮಾತನ್ನು ತೆಗೆದುಕೊಂಡವರೂ ಇರುತ್ತಾರಲ್ಲ? ಅವರ ಮೇಲೆ ಏನಾದರೂ ಹೊಣೆ ಬೀಳುತ್ತದೆಯೆ? ಇಂಥ ಪ್ರಶ್ನೆಗಳು ಮಠದ ಪ್ರವಚನದಲ್ಲೋ ವಿಶ್ವವಿದ್ಯಾಲಯದ ವಿಚಾರ ಸಂಕಿರಣದಲ್ಲೋ ಹುಟ್ಟಬೇಕು. ನನಗೆ ಎದುರಾದದ್ದು ಮಂಠಾಳ ಹೋಬಳಿಯ ಒಂದು ಹಳ್ಳಿಯ ಶಾಲೆಯಲ್ಲಿ, ಹುಡುಗಿಯರ ಖೋಖೋ ತಂಡವನ್ನು ಬೀದರಿಗೆ ಕರೆದೊಯ್ಯುವ ಗಡಿಬಿಡಿಯ ನಡುವೆ.

ನಿವೃತ್ತನಾದ ಮೇಲೆ ಆ ಶಾಲೆಗೆ ಆಗಾಗ ಕನ್ನಡ ಪಾಠ ಹೇಳಲು ಹೋಗುತ್ತಿದ್ದೆ. 2024ರ ಮಳೆಗಾಲದ ಮಾತು. ಹೋಬಳಿ ಗೆದ್ದು, ತಾಲೂಕು ಗೆದ್ದು, ತಂಡ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿತ್ತು. ಜಿಲ್ಲೆ ಗೆದ್ದರೆ ಕಲಬುರಗಿ ವಿಭಾಗ, ಅದನ್ನೂ ಗೆದ್ದರೆ ರಾಜ್ಯ. ಹೇಳುವುದಕ್ಕೆ ನಾಲ್ಕು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಊರು ದೂರವಾಗುತ್ತ ಹೋಗುತ್ತದೆ, ಖರ್ಚು ಏರುತ್ತ ಹೋಗುತ್ತದೆ, ಮನೆಯವರ ಮುಖ ಗಂಭೀರವಾಗುತ್ತ ಹೋಗುತ್ತದೆ.

ಹನ್ನೆರಡು ಹುಡುಗಿಯರನ್ನು ಒಂದು ದಿನದ ಮಟ್ಟಿಗೆ ಊರು ದಾಟಿಸುವುದೆಂದರೆ ಏನೆಂಬುದು ಮಾಡಿದವರಿಗೇ ಗೊತ್ತು. ಪ್ರತಿಯೊಬ್ಬಳದೂ ಅರ್ಹತಾ ಪತ್ರ ಬೇಕು. ಅದಕ್ಕೆ ಫೋಟೋ, ಜನ್ಮ ದಿನಾಂಕ, ಮುಖ್ಯೋಪಾಧ್ಯಾಯರ ಸಹಿ, ಮೊಹರು. ಪಾಲಕರ ಒಪ್ಪಿಗೆ ಪತ್ರ ಬೇಕು. ಜೊತೆಗೆ ಒಬ್ಬ ಶಿಕ್ಷಕಿ ಬೇಕು. ಆ ಶಿಕ್ಷಕಿಯ ಮನೆಯಲ್ಲಿ ಸಣ್ಣ ಮಗುವಿದ್ದರೆ ಅದನ್ನು ನೋಡಿಕೊಳ್ಳಲು ಆಕೆಯ ಅತ್ತೆ ಬೇಕು. ಹೀಗೆ ಒಂದು ತಂಡದ ಹಿಂದೆ ಎಷ್ಟು ಮಂದಿ ಓಡುತ್ತಿರುತ್ತಾರೆಂಬುದನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ನಸುಕಿನ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹುಮನಾಬಾದ್ ಮೇಲೆ ಹಾಯ್ದು ಬೀದರಿನ ನೆಹರು ಕ್ರೀಡಾಂಗಣ ಸೇರುವಷ್ಟರಲ್ಲಿ ಹಾಜರಿ ಕರೆಯುವ ಹೊತ್ತು ಮೀರಿರುತ್ತದೆ. ಅದಕ್ಕೇ ಕ್ರೂಸರ್ ಗಾಡಿಯ ಮಾತು ಬರುತ್ತದೆ. ಗಾಡಿಯೆಂದರೆ ರೊಕ್ಕ, ರೊಕ್ಕವೆಂದರೆ ಮಾಸ್ತರರ ಸ್ವಂತ ಕಿಸೆ.

ಒಂದು ಅನುಕೂಲವಂತೂ ಆಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ತಂಡಕ್ಕೆ ಸರಕಾರಿ ಬಸ್ಸು ಪುಕ್ಕಟೆ. ಹುಡುಗರ ತಂಡಕ್ಕೆ ಟಿಕೀಟು; ಅವರ ಪಾಸು ಊರಿಗೂ ಶಾಲೆಗೂ ನಡುವೆ ಮಾತ್ರ ನಡೆಯುತ್ತದೆ. ಹೆಣ್ಣುಮಕ್ಕಳನ್ನು ಕರೆದೊಯ್ಯುವುದು ಹುಡುಗರಿಗಿಂತ ಅಗ್ಗವಾದ ಕಾಲ ನಮ್ಮ ಕಣ್ಣೆದುರೇ ಬಂದಿತು! ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಕಟ್ಟೆಯ ಮೇಲೆ ಕೂತವರೆಲ್ಲ ನಗುತ್ತಿದ್ದರು.

ಇರಲಿ. ನಿಜವಾದ ತೊಡಕು ಬಸ್ಸಿನದಲ್ಲ, ತಿಂಗಳಿನದು. ಶಾಲೆಯ ಕ್ರೀಡಾಕೂಟಗಳು ಶುರುವಾಗುವುದು ಆಗಸ್ಟಿನಲ್ಲಿ. ನಮ್ಮ ಭಾಗದಲ್ಲಿ ಮಿರಗದ ಮಳೆಗೆ ಬಿತ್ತಿದ ಹೆಸರು, ಉದ್ದು ಕಟಾವಿಗೆ ಬರುವುದೂ ಆಗಲೇ. ತೊಗರಿಯಾದರೆ ಚಳಿಗಾಲದವರೆಗೆ ಕಾಯುತ್ತದೆ. ಹೆಸರು ಕಾಯುವ ಜಾತಿಯದಲ್ಲ. ಕಾಯಿ ಕಪ್ಪಾದ ಮೇಲೆ ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಗಿಡದ ಮೇಲೆಯೇ ಮೊಳಕೆ ಒಡೆಯುತ್ತದೆ. ಮಳೆ ಒಂದೆರಡು ದಿನ ಹೊರಪು ಕೊಟ್ಟಿತೆಂದರೆ ಊರಿಗೆ ಊರೇ ಹೊಲಕ್ಕೆ ಬೀಳುತ್ತದೆ. ಎಲ್ಲರದೂ ಒಮ್ಮೆಗೇ ಬಂದದ್ದರಿಂದ ಕೂಲಿಯಾಳು ಸಿಗುವುದಿಲ್ಲ; ಸಿಕ್ಕರೆ ಕೂಲಿ ಇಮ್ಮಡಿ. ಗಂಡಸರಲ್ಲಿ ಅರ್ಧ ಮಂದಿ ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯಲು ಹೋಗಿರುತ್ತಾರೆ. ಆಗ ಮನೆಯಲ್ಲಿ ಹದಿನಾಲ್ಕರ ಹುಡುಗಿ ಒಬ್ಬಳಿದ್ದರೆ ಅವಳು ಒಂದು ಪೂರ್ತಿ ಆಳು. ಕ್ರೀಡಾಕೂಟದ ದಿನಾಂಕ ಗೊತ್ತು ಮಾಡುವವರ ಮೇಜಿನ ಮೇಲೆ ಪಂಚಾಂಗವಿರುತ್ತದೆ, ಸರಕಾರಿ ರಜೆಗಳ ಪಟ್ಟಿ ಇರುತ್ತದೆ. ಹೆಸರಿನ ರಾಶಿ ಅದರಲ್ಲಿ ಇರುವುದಿಲ್ಲ.

ಪಿ.ಟಿ. ಮಾಸ್ತರರು ಒಳ್ಳೆಯವರು, ದುಡಿಯುವವರು. ಪ್ರಾರ್ಥನೆ ಮುಗಿದ ಮೇಲೆ ಹನ್ನೆರಡು ಮಂದಿಯನ್ನು ಮುಂದೆ ನಿಲ್ಲಿಸಿ, ‘ಬೀದರಿಗೆ ಯಾರು ಯಾರು ಬರ್ತೀರಿ, ಕೈ ಎತ್ತರಿ’ ಎಂದರು. ಹನ್ನೆರಡೂ ಕೈ ಮೇಲಾದವು. ‘ಮತ್ತ ಮಾತಿಗಿ ತಪ್ಪಬ್ಯಾಡ್ರಿ’ ಎಂದರು. ಶಾಲೆಗೆ ಶಾಲೆಯೇ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ನಡುವೆ ಕೈ ಎತ್ತದೆ ನಿಲ್ಲುವ ಹುಡುಗಿ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಹೊರಡಲು ನಾಲ್ಕು ದಿನವಿರುವಾಗ ಒಬ್ಬಳಿಗೆ ಜ್ವರ ಬಂತು. ಇನ್ನೊಬ್ಬಳು ಅಕ್ಕನ ಬಾಣಂತನಕ್ಕೆಂದು ತಾಯಿಯೊಡನೆ ಬೇರೆ ಊರಿಗೆ ಹೋದಳು. ಹತ್ತು ಮಂದಿ ಉಳಿದರು. ಅವರಲ್ಲಿ ಇಬ್ಬರು ಅಣ್ಣತಮ್ಮಂದಿರ ಮಕ್ಕಳು, ಒಂದೇ ಮನೆಯವರು. ಆ ಮನೆಯ ನಾಲ್ಕು ಎಕರೆ ಹೆಸರು ಬಲಿತು ನಿಂತಿತ್ತು, ಮಳೆ ಆಗಷ್ಟೇ ಹೊರಪು ಕೊಟ್ಟಿತ್ತು. ‘ಬರೂದು ಆಗಲ್ರೀ’ ಎಂದು ಇಬ್ಬರೂ ತಲೆ ತಗ್ಗಿಸಿ ನಿಂತರು. ಹತ್ತರಲ್ಲಿ ಎರಡು ಹೋದರೆ ಎಂಟು. ಖೋಖೋದಲ್ಲಿ ಎಂಟು ಮಂದಿ ಸಾಲಿನಲ್ಲಿ ಕೂತಿರಬೇಕು, ಒಬ್ಬಳು ಬೆನ್ನಟ್ಟಬೇಕು. ಕೂತವರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿರುತ್ತಾರೆ; ಬೆನ್ನ ಹಿಂದಿನಿಂದ ‘ಖೋ’ ಬೀಳುವ ತನಕ ಏಳುವಂತಿಲ್ಲ, ಎದ್ದು ಒಂದು ದಿಕ್ಕು ಹಿಡಿದರೆ ತಿರುಗುವಂತಿಲ್ಲ. ಎಂಟು ಮಂದಿಯಿಂದ ತಂಡವಾಗುವುದಿಲ್ಲ. ಉಳಿದ ಎಂಟು ಮಂದಿಯ ತಾಲೂಕಿನ ಗೆಲುವು ಅಲ್ಲಿಗೆ ಮುಗಿಯಿತು.

ನಾನು ಆ ಮನೆಗೆ ಪರಿಚಿತ, ವಯಸ್ಸಾದವನು ಬೇರೆ. ಮಾಸ್ತರರು ಜೊತೆಗೆ ಕರೆದುಕೊಂಡು ಹೋದರು. ಹಿರಿಯ ಹುಡುಗಿಯ ತಾಯಿ ಅಂಗಳದಲ್ಲಿ ಚೀಲ ಹೊಲಿಯುತ್ತ ಕೂತಿದ್ದರು. ‘ಮಗಳು ಮಾತು ಕೊಟ್ಟಾಳ, ಅಕ್ಕಾ’ ಎಂದು ಮಾಸ್ತರರು ಶುರು ಮಾಡಿದರು. ಆ ತಾಯಿ ದಬ್ಬಣ ಕೆಳಗಿಟ್ಟು ಹೇಳಿದ್ದು ಇಷ್ಟು: ‘ಕೊಟ್ಟಿರಬೇಕ್ರಿ ಸರ. ಆಕೀದು ತಗೊಂಡ್ರಿ. ನಂದು ತಗೊಂಡೀರೇನು? ಹೊಲದಾಗ ಆಕೀ ಸಾಲು ಹಿಡಿಯೋಳು ನಾ ಅಲ್ಲೇನು?’

ಒಪ್ಪಿಗೆ ಪತ್ರದಲ್ಲಿ ಆ ತಾಯಿಯ ಹೆಬ್ಬೆರಳ ಗುರುತು ಇತ್ತು. ಆದರೆ ಅದು ಹೋಗಿ ಬರಲು ಕೊಟ್ಟ ಒಪ್ಪಿಗೆ. ಯಾವ ದಿನ, ಆ ದಿನ ಮನೆಯಲ್ಲಿ ಏನು ಕೆಲಸ ಎಂದು ಯಾರೂ ಕೇಳಿರಲಿಲ್ಲ.

ಕಾನೂನಿನ ಪ್ರಕಾರ ಇಲ್ಲಿ ಸಮಸ್ಯೆಯೇ ಇಲ್ಲ. 1872ರ ಭಾರತೀಯ ಕರಾರು ಕಾಯಿದೆ ಹದಿನೆಂಟು ತುಂಬದವರ ಕರಾರನ್ನು ಕರಾರೆಂದೇ ಎಣಿಸುವುದಿಲ್ಲ. ಆದರೆ ಆ ಸಮಾಧಾನ ನನಗೆ ಒಗ್ಗಲಿಲ್ಲ. ಹದಿನಾಲ್ಕರ ಹುಡುಗಿಗೆ ‘ನಿನ್ನ ಮಾತು ಮಾತೇ ಅಲ್ಲ, ಬಿಡು’ ಎನ್ನುವುದು ಅವಳಿಂದ ಏನೋ ದೊಡ್ಡದನ್ನು ಕಿತ್ತುಕೊಂಡಂತೆ. ಅವಳು ಕೈ ಎತ್ತಿದ್ದು ಖರೆ. ತನ್ನ ಬೆನ್ನ ಹಿಂದೆ ಬರುವ ಗೆಳತಿಗಾಗಿ ಕಾದು ಕೂಡುವುದನ್ನು ಅವಳು ಮೂರು ವರ್ಷದಿಂದ ಕಲಿತಿದ್ದಾಳೆ. ಇನ್ನೊಂದು ಕಡೆ, ‘ಮಾತೆಂದರೆ ಮಾತು, ಹೊಲ ಹಾಳಾದರೂ ಬಾ’ ಎನ್ನುವವರಿಗೆ ಹರಿಶ್ಚಂದ್ರನ ಕಥೆಯನ್ನೇ ನೆನಪಿಸಬೇಕು. ಮಾತು ಕೊಟ್ಟವನು ಅವನೊಬ್ಬ. ಮಾರಾಟವಾದವರಲ್ಲಿ ಚಂದ್ರಮತಿಯೂ ಇದ್ದಳು, ಲೋಹಿತಾಶ್ವನೂ ಇದ್ದ. ಆ ಹುಡುಗನನ್ನು ಯಾರಾದರೂ ಕೇಳಿದ್ದರೆ? ನಮ್ಮ ಹಳ್ಳಿಯಲ್ಲಿ ಕಥೆ ತಿರುಗಿ ನಿಂತಿತ್ತು, ಅಷ್ಟೆ. ಮಾತು ಮಗುವಿನದು, ಬೆಲೆ ತಾಯಿಯದು.

ದಾರಿ ತೋರಿಸಿದವಳು ತಂಡದ ನಾಯಕಿ. ‘ನಾವೆಲ್ಲ ಹೋಗಿ ಹೆಸರು ಬಿಡಿಸ್ತೀವಿ ಸರ, ಐತಾರ ಒಂದಿನ’ ಎಂದಳು. ಮುಯ್ಯಿ ಎನ್ನುವ ಪದ್ಧತಿ ನಮ್ಮ ರೈತರಿಗೆ ಹೊಸದಲ್ಲ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮಾಸ್ತರರಿಗೆ ಹಿಗ್ಗೂ ಆಯಿತು, ಅಂಜಿಕೆಯೂ ಆಯಿತು. ಮಕ್ಕಳನ್ನು ಕೂಲಿಗೆ ಹಚ್ಚಿದರೆಂದು ಯಾರಾದರೂ ಅರ್ಜಿ ಹಾಕಿದರೆ ನೌಕರಿಗೇ ಕುತ್ತು. ‘ನಾ ಏನೂ ಕೇಳಿಲ್ಲ’ ಎಂದು ಹೇಳಿ ಅವರು ಐತವಾರ ಬಸವಕಲ್ಯಾಣಕ್ಕೆ ಹೋಗಿಬಿಟ್ಟರು. ಇದನ್ನು ಹೇಡಿತನವೆಂದು ನಾನು ಕರೆಯಲಾರೆ.

ಆದರೆ ಮುಯ್ಯಿಗೆ ಎರಡೂ ಕಡೆ ಹೊಲವಿರಬೇಕು. ತಂಡದ ಇನ್ನಿಬ್ಬರು ಹುಡುಗಿಯರ ಮನೆಗೆ ಗೇಣು ಭೂಮಿ ಇರಲಿಲ್ಲ. ಅವರ ತಾಯಂದಿರು ಆ ನಾಲ್ಕು ಎಕರೆಗೇ ಕೂಲಿಗೆ ಹೋಗುವವರು. ಅವರಲ್ಲಿ ಒಬ್ಬಾಕೆ ನಾಯಕಿಯ ಮಾತು ಕೇಳಿ ಸಿಟ್ಟಾದರು. ‘ದಿನಾ ಕೂಲಿಗಿ ಹೋಗೋ ಹೊಲದಾಗ ನನ್ನ ಮಗಳು ಬಿಟ್ಟಿ ಮಾಡಬೇಕೇನು?’

ಬಿಟ್ಟಿ ಎಂಬ ಪದಕ್ಕೆ ನಮ್ಮ ಕಡೆ ತೂಕ ಹೆಚ್ಚು. 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳಿಕೆಯಲ್ಲಿದ್ದ ಪ್ರದೇಶ ಇದು. ದೊಡ್ಡವರ ಮನೆಗೆ, ಅಧಿಕಾರಿಗಳ ಡೇರೆಗೆ ಕೂಲಿಯಿಲ್ಲದೆ ದುಡಿದವರ ಮೊಮ್ಮಕ್ಕಳು ಇನ್ನೂ ಅದೇ ಓಣಿಗಳಲ್ಲಿದ್ದಾರೆ. ಸಮಾನರ ನಡುವೆ ಮುಯ್ಯಿ ಎನಿಸಿಕೊಳ್ಳುವ ಕೆಲಸವೇ ಅಸಮಾನರ ನಡುವೆ ಬಿಟ್ಟಿಯಾಗುತ್ತದೆ. ಕೆಲಸ ಒಂದೇ, ಕಾಯಿ ಒಂದೇ, ಬೆನ್ನುನೋವೂ ಒಂದೇ. ತಂಡ ಒಂದು, ಎಲ್ಲರೂ ಸಮ ಎಂದು ಅಂಗಳದಲ್ಲಿ ಹೇಳುವುದು ಸುಲಭ. ಅಂಗಳದ ಗೆರೆ ದಾಟಿದರೆ ಒಬ್ಬಳ ಹೊಲ, ಇನ್ನೊಬ್ಬಳ ಕೂಲಿ. ಅನುಭವ ಮಂಟಪದ ಹೆಸರು ಹೇಳಿಕೊಂಡು ಬಾಳುವ ತಾಲೂಕಿನವರು ನಾವು. ಈ ತಾಯಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಇಬ್ಬರು ಹುಡುಗಿಯರು ಐತವಾರ ಹೊಲಕ್ಕೆ ಬರಲಿಲ್ಲ. ಮನೆಯ ಇಬ್ಬರ ಜೊತೆ ಆರು ಮಂದಿ ಹೋದರು. ಸಂಜೆಯ ಅಭ್ಯಾಸಕ್ಕೆ ಎಲ್ಲರೂ ಸೇರಿದಾಗ ಒಬ್ಬಳು ಗೊಣಗಿದಳು: ‘ಅವರಿಬ್ಬರೂ ಬರಲಿಲ್ಲ ನೋಡ್ರಿ.’ ನಾಯಕಿ ಹಗ್ಗ ಕಟ್ಟುತ್ತಿದ್ದವಳು ತಲೆ ಎತ್ತದೆಯೇ ಅಂದಳು: ‘ಅವರ ಮನಿಯವರು ವರ್ಷಾನಗಟ್ಟಲೆ ಅದನ್ನೇ ಮಾಡ್ತಾರ. ನಾವು ಒಂದಿನ ಮಾಡೀವಿ.’ ಅಲ್ಲಿಗೆ ಮಾತು ನಿಂತಿತು. ಆ ಹುಡುಗಿ ಪರೀಕ್ಷೆಯಲ್ಲಿ ಅಷ್ಟಕ್ಕಷ್ಟೆ. ಕಾಗುಣಿತ ಈಗಲೂ ತಪ್ಪುತ್ತದೆ.

ಮಕ್ಕಳು ಬಿಡಿಸಿದ್ದು ಸೇರಿ ಮೂರು ಎಕರೆ ಮುಗಿಯಿತು. ಉಳಿದ ಒಂದು ಎಕರೆಯನ್ನು ನೋಡುತ್ತಲೇ ಆ ತಾಯಿ ಇಬ್ಬರನ್ನೂ ಕಳಿಸಿದರು. ರೊಟ್ಟಿ, ಶೇಂಗಾ ಹಿಂಡಿ ಹತ್ತೂ ಮಂದಿಗೆ ಸಾಲುವಷ್ಟು ಕಟ್ಟಿಕೊಟ್ಟರು. ಬೀದರಿನಲ್ಲಿ ನಮ್ಮವರು ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತರು. ಮರುದಿನ ಮಳೆ ಹಿಡಿಯಿತು, ವಾರ ಬಿಡಲಿಲ್ಲ. ಆ ಎಕರೆ ಹೊಲದಲ್ಲೇ ಮೊಳೆಯಿತು. ಆ ವರ್ಷ ಸರಕಾರ ಹೆಸರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ. ಎರಡು ಕ್ವಿಂಟಲು ಎಂದು ಹಿಡಿದರೂ ಹದಿನೇಳು ಸಾವಿರದ ಮೇಲೆ. ಮಗಳಿಗೆ ಭಾಗವಹಿಸಿದ ಪ್ರಮಾಣಪತ್ರ ಬಂತು.

2025ರ ಜನವರಿ 19ರಂದು ದೆಹಲಿಯಲ್ಲಿ ಖೋಖೋದ ಮೊದಲ ವಿಶ್ವಕಪ್ಪನ್ನು ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿ ಗೆದ್ದರು. ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ ವಿಶ್ವಕಪ್ಪಿಗೆ ಹೋದದ್ದು ಕಂಡು ನಮ್ಮ ಹುಡುಗಿಯರ ಕಣ್ಣು ಹೊಳೆದದ್ದನ್ನು ನಾನೇ ನೋಡಿದೆ. ಮರುದಿನ ಪ್ರಾರ್ಥನೆಯಲ್ಲಿ ಭಾಷಣವಾಯಿತು: ಬದ್ಧತೆ ಬೇಕು, ನಿಷ್ಠೆ ಬೇಕು. ಬೇಕು, ನಿಜ. ಆದರೆ ಬದ್ಧತೆ ಎನ್ನುವುದನ್ನು ಮಗುವಿನ ಎದೆಯೊಳಗೇ ಹುಡುಕುವ ಚಟ ನಮಗೆ. ಅದರಲ್ಲಿ ಒಂದು ಪಾಲು ಅವಳ ಮನೆಯ ಕೊಟ್ಟಿಗೆಯಲ್ಲಿ, ಹೊಲದ ಬದುವಿನಲ್ಲಿ, ಹೈದರಾಬಾದಿನಿಂದ ಅಪ್ಪ ಕಳಿಸುವ ದುಡ್ಡಿನಲ್ಲಿ ಇರುತ್ತದೆ. ಕೈ ಎತ್ತರಿ ಎನ್ನುವವರು ಆ ಕೈ ಬೇರೆ ಯಾವ ಯಾವ ಕೆಲಸದಿಂದ ಬಿಡಿಸಿಕೊಂಡು ಮೇಲೇಳಬೇಕೆಂದು ಮೊದಲೇ ವಿಚಾರಿಸುವುದು, ನನ್ನ ಲೆಕ್ಕದಲ್ಲಿ, ದಯೆಯಲ್ಲ. ಮಾತು ತೆಗೆದುಕೊಳ್ಳುವುದರ ಅರ್ಧ ಕೆಲಸವೇ ಅದು.

ಪುಣ್ಯಕೋಟಿಯ ಕಥೆಯಲ್ಲಿ ಎಲ್ಲರೂ ಹಸುವನ್ನೇ ಹೊಗಳುತ್ತಾರೆ. ಮಾತು ತೆಗೆದುಕೊಂಡ ಹುಲಿಯ ಪಾಡೇನಾಯಿತು ನೋಡಿ. ಹಸು ತಿರುಗಿ ಬಂದು ಎದುರು ನಿಂತ ಮೇಲೆ ಅದಕ್ಕೆ ತಿನ್ನಲೂ ಆಗಲಿಲ್ಲ, ಬದುಕಲೂ ಆಗಲಿಲ್ಲ. ಕಥೆ ಕಟ್ಟಿದ ಜನಕ್ಕೆ ಇದು ತಿಳಿದಿತ್ತು. ಮಕ್ಕಳಿಗೆ ಪಾಠ ಮಾಡುವಾಗ ಆ ಭಾಗವನ್ನು ನಾವು ಬೇಗ ಓದಿ ಮುಗಿಸುತ್ತೇವೆ.

ಪಿ.ಟಿ. ಮಾಸ್ತರರು ನನ್ನ ಹಾಗೆ ಕಥೆ ಹಿಡಿದು ಕೂಡುವವರಲ್ಲ. 2025ರ ಜೂನಿನಲ್ಲಿ, ಶಾಲೆ ಶುರುವಾದ ವಾರವೇ, ಬಿತ್ತನೆ ಮುಗಿಯುವ ಮೊದಲು ಒಂದು ನೋಟುಬುಕ್ಕು ಹಿಡಿದು ಮನೆಮನೆ ತಿರುಗಿದರು. ‘ಈ ಸಲ ಏನು ಬಿತ್ತತೀರಿ? ಹೆಸರೋ ತೊಗರಿಯೋ ಸೋಯಾನೋ?’ ಹನ್ನೆರಡರ ಬದಲು ಹದಿನಾರು ಹೆಸರು ಬರೆದುಕೊಂಡರು. ಒಂದೊಂದು ಹೆಸರಿನ ಎದುರಿಗೆ ಬೆಳೆ, ಎಕರೆ, ಮನೆಯಲ್ಲಿ ಎಷ್ಟು ಕೈ, ಆಗಸ್ಟಿನಲ್ಲಿ ಯಾರು ಊರಲ್ಲಿರುತ್ತಾರೆ. ತೊಗರಿಯವರು ಯಾವ ದಿನವಾದರೂ ಬರಬಲ್ಲರು. ಹೆಸರಿನವರು ರಾಶಿಯಾದ ಮೇಲೆ. ಶಾಲೆಗೆ ತಂದು ತೋರಿಸಿದಾಗ ನಾನು ಕಣ್ಣಾಡಿಸಿದೆ. ಹಿಂದಿನ ವರ್ಷ ಹೊಲಕ್ಕೆ ಬರದಿದ್ದ ಇಬ್ಬರ ಹೆಸರೂ ಅದರಲ್ಲಿದ್ದವು. ಬೆಳೆಯ ಕಾಲಂನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅವರು ಪೆನ್ಸಿಲಿನಲ್ಲಿ ‘ಕೂಲಿ’ ಎಂದು ಬರೆದಿದ್ದರು. ಪಕ್ಕದಲ್ಲಿ ‘ಯಾರ ಹೊಲ, ಕೇಳಬೇಕು’ ಎಂದಿತ್ತು. ಅದರ ಕೆಳಗೆ ದಿನಗೂಲಿ ಎಷ್ಟೆಂದು ಬರೆದು, ಕ್ರೂಸರ್ ಗಾಡಿಯ ಬಾಡಿಗೆಯ ಜೊತೆಗೆ ಅದನ್ನೂ ಕೂಡಿಸಿ ಒಟ್ಟು ಹಾಕಿದ್ದರು.